ವಾಡೆ ಅವರದು, ಕೀಲಿಕೈ ನಮ್ಮ ಮುತ್ಯಾಂದು

ಈ ಸಲ ಮೇ ತಿಂಗಳಲ್ಲಿ ಕಲಬುರಗಿಗೆ ಹೋದಾಗ ಮಧ್ಯಾಹ್ನ 12ರಿಂದ 5ರವರೆಗೆ ಮನೆಯಿಂದ ಹೊರಗೆ ಕಾಲಿಡುವ ಹಾಗೇ ಇರಲಿಲ್ಲ. ಫರಸಿ ಮೇಲೆ ನೀರು ಚಿಮುಕಿಸಿ, ಕೂಲರ್ ಮುಂದೆ ಚಾಪೆ ಹಾಸಿ, ನಾನೂ ಅಪ್ಪನೂ 'ಡೌನ್‌ಟನ್ ಅಬ್ಬಿ' ನೋಡಿ ಮುಗಿಸಿದೆವು. ಪೂರ್ತಿ. 6 ಸೀಸನ್, 52 ಕಂತು. ನಡುವೆ ಕರೆಂಟ್ ಎಷ್ಟು ಸಲ ಹೋಯಿತು ಅನ್ನೋದನ್ನ ಲೆಕ್ಕ ಇಟ್ಟಿಲ್ಲ.

ಬ್ರಿಟನ್ನಿನ ಐಟಿವಿಯಲ್ಲಿ ಇದು ಬಂದದ್ದು 2010ರಿಂದ 2015ರವರೆಗೆ. ಎಲ್ಲರೂ ನೋಡಿ, ಮೆಚ್ಚಿ, ಬೈದು, ಮರೆತ ಮೇಲೆ ನಾನು ನೋಡಿದ್ದು. ಹಾಗಾಗಿ ಇದು ವಿಮರ್ಶೆ ಅಲ್ಲ. ಸುಮ್ನೆ ಅಪ್ಪನ ಪಕ್ಕ ಕೂತು ನೋಡಿದಾಗ ಏನಾಯಿತು ಅಂತ ಬರೆಯುತ್ತಿದ್ದೇನೆ.

ಕತೆ ಶುರುವಾಗುವುದು 1912ರ ಏಪ್ರಿಲ್‌ನಲ್ಲಿ. ಟೈಟಾನಿಕ್ ಮುಳುಗಿದ ಸುದ್ದಿ ಹೊತ್ತ ಪೇಪರು ಅರಮನೆಯಂಥ ಆ ಮನೆಗೆ ಬರುತ್ತದೆ. ಧಣಿಗೆ ಕೊಡುವ ಮೊದಲು ಆಳು ಅದಕ್ಕೆ ಇಸ್ತ್ರಿ ಹಾಕುತ್ತಾನೆ! ಅಡುಗೆಮನೆಯ ಸಣ್ಣ ಹುಡುಗಿ ಡೇಸಿ ಯಾಕೆ ಅಂತ ಕೇಳಿದರೆ, ಮಸಿ ಒಣಗಲಿ ಅಂತ, ಅನ್ನುತ್ತಾರೆ. ಧಣಿ ಕೈಗೆ ಮಸಿ ಹತ್ತಬಾರದಲ್ವಾ. ಅಪ್ಪ ಬಿದ್ದು ಬಿದ್ದು ನಕ್ಕರು. ಆ ಹಡಗಿನಲ್ಲಿ ಈ ಮನೆಯ ವಾರಸುದಾರನೂ ಹೋಗಿರುತ್ತಾನೆ. ಧಣಿಗೆ ಮೂವರು ಹೆಣ್ಣುಮಕ್ಕಳು, ಆದರೆ ಆಸ್ತಿ ಗಂಡಿಗೇ ಹೋಗಬೇಕು, ಹಾಗಾಗಿ ಮ್ಯಾಂಚೆಸ್ಟರ್‌ನಲ್ಲಿ ವಕೀಲಿ ಮಾಡಿಕೊಂಡಿದ್ದ ಮ್ಯಾಥ್ಯೂ ಅನ್ನೋ ದೂರದ ದಾಯಾದಿ ಒಬ್ಬನನ್ನು ಹುಡುಕಿ ತರುತ್ತಾರೆ. ಇದನ್ನು ಅಪ್ಪನಿಗೆ ಬಿಡಿಸಿ ಹೇಳಬೇಕಾಗಲೇ ಇಲ್ಲ. ನಮ್ಮ ಕಡೆ ಕೋರ್ಟಿನಲ್ಲಿರುವ ಅರ್ಧ ಕೇಸು ಇಂಥವೇ.

ಮೊದಲ ಎರಡು ಕಂತು ನಾನು ಮೇಲಿನವರನ್ನೇ, ಅಂದರೆ ಧಣಿ ಮನೆಯವರನ್ನೇ, ನೋಡುತ್ತಿದ್ದೆ. ಆ ಸೀರೆಯಷ್ಟು ಉದ್ದದ ಗೌನು, ಆ ಟೋಪಿ, ಆ ಬೆಳ್ಳಿ ಸಾಮಾನು. ಮನೆ ನಿಜವಾದದ್ದು, ಹ್ಯಾಂಪ್‌ಶೈರ್‌ನ ಹೈಕ್ಲೇರ್ ಕ್ಯಾಸಲ್, ಕಾರ್ನಾರ್ವನ್ ಮನೆತನದ್ದು. 1922ರಲ್ಲಿ ಈಜಿಪ್ಟಿನ ಟುಟಾಂಖಾಮನ್ ಗೋರಿ ಹುಡುಕಲು ಹಣ ಹಾಕಿದ ಧಣಿ ಈ ಮನೆಯವನೇ. ಆದರೆ ಕೆಳಗಿನ ಅಡುಗೆಮನೆ, ಆಳುಗಳ ಖೋಲಿ ಇರುವುದು ಆ ಮನೆಯಲ್ಲಲ್ಲ, ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು. ಅಂದರೆ ಆಳು ಕೆಳಗೆ ಲಂಡನ್ನಿನಲ್ಲಿ ತಟ್ಟೆ ಎತ್ತಿಕೊಂಡು ಮೆಟ್ಟಿಲು ಹತ್ತಿದರೆ, ಮೇಲೆ ಹೋಗಿ ಇಡುವುದು ಬೇರೆ ಜಿಲ್ಲೆಯಲ್ಲಿ. ಇದು ಗೊತ್ತಾದ ಮೇಲೆ ಯಾರಾದರೂ ಮೆಟ್ಟಿಲು ಹತ್ತಿದಾಗೆಲ್ಲ ನನಗೆ ನಗು.

ಮೂರನೇ ಕಂತಿನ ಹೊತ್ತಿಗೆ ಅಪ್ಪ ಟಿವಿ ಕಡೆ ಬೆರಳು ತೋರಿಸಿ ಅಂದರು, "ಇಂವ ನಮ್ಮಪ್ಪ ಅದಾನ ನೋಡು."

ಬೆರಳು ತೋರಿಸಿದ್ದು ಕಾರ್ಸನ್ ಕಡೆಗೆ. ಬಟ್ಲರ್. ಮನೆಯ ಆಳುಗಳಿಗೆಲ್ಲ ದೊಡ್ಡವನು. ಅವನು ಊಟದ ಖೋಲಿಗೆ ಬಂದರೆ ಕೆಳಗಿನವರೆಲ್ಲ ಎದ್ದು ನಿಲ್ಲಬೇಕು. ಮೇಜಿನ ಮೇಲೆ ಚಮಚ, ಲೋಟ ಎಷ್ಟೆಷ್ಟು ದೂರ ಇರಬೇಕು ಅಂತ ಅಳತೆಪಟ್ಟಿ ಹಿಡಿದು ನೋಡುವ ಮನೆ ಅದು. ಧಣಿಗಿಂತ ಜಾಸ್ತಿ ಧಣಿತನ ಇವನಿಗೇ. ಹಳೆಯದೊಂದು ರವೆಯಷ್ಟು ಬದಲಾದರೂ ಧಣಿಗೆ ಬೇಜಾರಾಗುವ ಮೊದಲು ಇವನಿಗೆ ಬೇಜಾರು. ನನಗೆ ಅಲ್ಲಿಯವರೆಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ಅಪ್ಪ ಆ ಮಾತು ಅಂದ ಮೇಲೆ ಮುತ್ಯಾ ಬಿಟ್ಟು ಬೇರೆ ಯಾರೂ ಕಾಣಲಿಲ್ಲ.

ನಮ್ಮ ಮುತ್ಯಾ ಚಿತ್ತಾಪುರ ಕಡೆಯ ಒಂದು ಹಳ್ಳಿಯ ವಾಡೆಯಲ್ಲಿ, ಅಂದರೆ ಧಣಿಗಳ ದೊಡ್ಡ ಮನೆಯಲ್ಲಿ, ಕಾರಕೂನ. ನಿಜಾಮನ ಕಾಲದಿಂದಲೂ. ಮೊದಮೊದಲು ಪಗಾರ ನಿಜಾಮನ ನಾಣ್ಯ ಹಾಲಿ ಸಿಕ್ಕಾದಲ್ಲಿ ಬರುತ್ತಿತ್ತಂತೆ, ಲೆಕ್ಕ ಉರ್ದುವಿನಲ್ಲಿ ಬರೆಯುತ್ತಿದ್ದರು. ಹೊಲದ ಪಾಲು, ನೆಲದೊಳಗಿನ ಹಗೇವಿನ ಜೋಳ, ಯಾರ ಮನೆಗೆ ಎಷ್ಟು ಕಾಳು ಹೋಯಿತು, ಎಲ್ಲ ಅವರ ಕೈಯಲ್ಲಿ. ಮುಖ್ಯವಾಗಿ ಕೀಲಿಕೈ ಅವರ ಹತ್ತಿರ. ಮೇಲಿನವರೂ ಅಲ್ಲ, ಕೆಳಗಿನವರೂ ಅಲ್ಲ. ಆದರೆ ಬಾಯಿ ತೆಗೆದರೆ "ನಮ್ಮ ವಾಡೇದಾಗ" ಅಂತಲೇ ಮಾತು ಶುರು. ಆ ವಾಡೆಯ ಒಂದು ಕಲ್ಲೂ ನಮ್ಮದಲ್ಲ. ಅಷ್ಟು ವರ್ಷದಲ್ಲಿ ಒಂದು ದಿನವೂ ಪಡಸಾಲೆಯಲ್ಲಿ ಕೂತು ಅವರು ಉಂಡವರಲ್ಲ. ಆಯಿ ಅರಿವೆಯಲ್ಲಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಹೊರಗಿನ ಕಟ್ಟೆ ಮೇಲೆ ಕೂತು ತಿಂದು, ಕೈ ತೊಳೆದು, ಮತ್ತೆ ಒಳಗೆ.

ಮೊದಲ ಸೀಸನ್ನಿನ ಕೊನೆಗೆ ಆ ಮನೆಗೆ ಟೆಲಿಫೋನ್ ಬರುತ್ತದೆ. ಕಾರ್ಸನ್ ಯಾರೂ ಇಲ್ಲದಾಗ ಖೋಲಿ ಬಾಗಿಲು ಹಾಕಿಕೊಂಡು, ರಿಸೀವರ್ ಹಿಡಿದು, ನಾನು ಕಾರ್ಸನ್, ಈ ಮನೆಯ ಬಟ್ಲರ್ ಅಂತ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಾನೆ. ಇಡೀ ಧಾರಾವಾಹಿಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ಇನ್ನೊಂದು, ಮುದುಕಿ ಧಣಿ ಊಟದ ಮೇಜಿನಲ್ಲಿ ಕೇಳುವ ಪ್ರಶ್ನೆ: ವೀಕೆಂಡ್ ಅಂದರೇನು? ಮ್ಯಾಗಿ ಸ್ಮಿತ್ ಅದನ್ನು ಕೇಳುವ ರೀತಿಗೇ ದುಡ್ಡು ಕೊಡಬಹುದು. (2024ರಲ್ಲಿ ಹೋಗಿಬಿಟ್ಟರು ಪಾಪ.) ಆಕೆಗೆ ವಾರದ ಏಳೂ ದಿನ ರಜೆ, ಅದಕ್ಕೇ ಗೊತ್ತಿಲ್ಲ. ನಮ್ಮ ಮುತ್ಯಾನಿಗೂ ಭಾನುವಾರ ಅನ್ನೋದು ಗೊತ್ತಿರಲಿಲ್ಲ. ಕಾರಣ ಮಾತ್ರ ಬೇರೆ.

ಅಪ್ಪ ನಿವೃತ್ತ ಮಾಸ್ತರರು, ಲೆಕ್ಕದವರು. ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರು. "ಈ ಮಂದಿಗಿ ಪಗಾರ ಎಷ್ಟು? ಒಬ್ಬರೂ ಮಾತಾಡ್ಲಾಕತ್ತಿಲ್ಲಲ್ಲ." ಹೌದು. ಬೆಳಗಾಗುವ ಮೊದಲು ಎದ್ದು ಒಲೆ ಹಚ್ಚುವುದು, ಬೂದಿ ತೆಗೆಯುವುದು, ಗೋಡೆಯ ಮೇಲಿನ ಗಂಟೆ ಬಾರಿಸಿದ ಕೂಡಲೇ ಯಾವ ಖೋಲಿ ಅಂತ ನೋಡಿ ಓಡುವುದು, ಎಲ್ಲ ತೋರಿಸುತ್ತಾರೆ, ಚೆನ್ನಾಗಿಯೇ ತೋರಿಸುತ್ತಾರೆ. ದುಡ್ಡಿನ ಮಾತು ಮಾತ್ರ ಅಪರೂಪ. ವಿಲಿಯಂ ಅನ್ನೋ ಹುಡುಗ ಯುದ್ಧದಲ್ಲಿ ಗಾಯಗೊಂಡು ಸಾಯುವ ಹೊತ್ತಿಗೆ ಡೇಸಿಯನ್ನು ಮದುವೆಯಾಗುತ್ತಾನೆ, ಅವಳಿಗೆ ವಿಧವೆ ಪೆನ್ಶನ್ ಸಿಗಲಿ ಅಂತ. ಅವಳಿಗೆ ಅವನ ಮೇಲೆ ಅಂಥ ಪ್ರೀತಿಯೂ ಇಲ್ಲ. ಅಪ್ಪ ಅಲ್ಲಿ ಕಣ್ಣು ಒರೆಸಿಕೊಂಡು, "ಇದೊಂದು ಖರೇ ಮಾತು" ಅಂದರು.

ಆಮೇಲಿನ ಸೀಸನ್ನುಗಳು ಅಷ್ಟಕ್ಕಷ್ಟೇ. ಧಣಿಯ ಖಾಸಾ ಆಳು ಬೇಟ್ಸ್ ಕೊಲೆ ಕೇಸಲ್ಲಿ ಜೈಲಿಗೆ ಹೋದದ್ದು ಸಾಲದು ಅಂತ ಅವನ ಹೆಂಡತಿ ಅನ್ನಾಳನ್ನೂ ಇನ್ನೊಂದು ಕೊಲೆ ಕೇಸಲ್ಲಿ ಕಳಿಸಿದರು. ನಮ್ಮ ಸೀರಿಯಲ್‌ನವರೇ ಎಷ್ಟೋ ವಾಸಿ.

ನನ್ನ ತಕರಾರು ಇರುವುದು ಬೇರೆ ಕಡೆ. ಈ ಧಾರಾವಾಹಿ ಕಾರ್ಸನ್‌ನ ನಿಷ್ಠೆಯನ್ನು ಚಂದ ಮಾಡಿ ತೋರಿಸುತ್ತದೆ. ಆ ನಿಷ್ಠೆಗೆ ಯಾರು ದುಡ್ಡು ತೆತ್ತರು ಅಂತ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ತೆತ್ತವರು ಅಪ್ಪ.

1949ರಲ್ಲಿ ಹೈದರಾಬಾದ್ ರಾಜ್ಯದ ಜಹಗೀರುಗಳು ಹೋದವು. ನಮ್ಮೂರಿನ ಧಣಿಗಳಿಗೆ ಅದರಿಂದ ಅಂಥದ್ದೇನೂ ಆಗಲಿಲ್ಲ, ಅವರದು ಸ್ವಂತ ಹೊಲ. ಬಿಸಿ ತಟ್ಟಿದ್ದು 1974ರಲ್ಲಿ, ಉಳುವವನೇ ಹೊಲದೊಡೆಯ ಅಂತ ಆದಾಗ. ಗೇಣಿ ಮಾಡುತ್ತಿದ್ದವರು ಫಾರಂ ನಂಬರ್ 7 ತುಂಬಿ ಅರ್ಜಿ ಕೊಟ್ಟರೆ ಹೊಲ ಅವರದಾಗುತ್ತಿತ್ತು. ಕಾಗಿಣಾ ದಂಡೆಗೆ 6 ಎಕರೆ ಕರಿ ಮಣ್ಣಿನ ಹೊಲವನ್ನು ಮುತ್ಯಾ ಎಷ್ಟೋ ವರ್ಷದಿಂದ ಗೇಣಿಗೆ ಮಾಡಿಕೊಂಡು ಬಂದಿದ್ದರು. ತೊಗರಿ, ಜೋಳ. ಅಪ್ಪ ಆಗ ಹೊಸದಾಗಿ ನೌಕರಿಗೆ ಸೇರಿದ್ದರು. ಫಾರಂ ತಂದು, ತಾವೇ ತುಂಬಿ, ಸಹಿಗೆ ಅಂತ ಮುತ್ಯಾನ ಮುಂದೆ ಇಟ್ಟರಂತೆ. ಮುತ್ಯಾ ಅದನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. "ಉಂಡ ಮನಿಗಿ ಎರಡು ಬಗಿಬಾರ್ದು." ಅಷ್ಟೇ. ಅರ್ಜಿ ಕೊಡುವ ದಿನ ಮುಗಿದು ಹೋಯಿತು. ಕೆಲವು ವರ್ಷಕ್ಕೆ ಧಣಿಗಳು ಆ ಹೊಲ ಮಾರಿ, ಇದ್ದದ್ದನ್ನು ಕಟ್ಟಿಕೊಂಡು ಹೈದರಾಬಾದಿಗೆ ಹೋದರು. ಮುತ್ಯಾನಿಗೆ ಮೊದಲೇ ಒಂದು ಮಾತೂ ಹೇಳಿರಲಿಲ್ಲ.

ಅಪ್ಪ ಇದನ್ನು ನನಗೆ ನೂರು ಸಲ ಹೇಳಿದ್ದಾರೆ. ಆದರೆ ಕಾರ್ಸನ್‌ನನ್ನು ನೋಡುತ್ತಾ ಹೇಳಿದಾಗ ಸಿಟ್ಟಿನ ಜೊತೆ ಇನ್ನೇನೋ ಇತ್ತು.

ಮುತ್ಯಾನನ್ನು ಬರೀ ಪಾಪದವರು ಅಂತ ಮಾಡಲಿಕ್ಕೂ ನನಗೆ ಮನಸ್ಸಿಲ್ಲ. ಹಿತ್ತಲ ಬಾಗಿಲಲ್ಲಿ ಯಾರು ಎಲ್ಲಿಯವರೆಗೆ ಬರಬೇಕು, ಯಾರ ಬೊಗಸೆಗೆ ನೀರು ಮೇಲಿನಿಂದ ಹುಯ್ಯಬೇಕು, ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. ಧಣಿಗಳು ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ. ಇಂಗ್ಲಿಷರ ಮನೆಯಲ್ಲಿ ಮೇಲು ಕೆಳಗು ಅಂದರೆ ಮೆಟ್ಟಿಲು. ಗ್ವೆನ್ ಅನ್ನೋ ಆಳುಹುಡುಗಿ ಕದ್ದುಮುಚ್ಚಿ ಟೈಪಿಂಗ್ ಕಲಿತು ಸೆಕ್ರೆಟರಿಯಾಗಿ ಹೋಗುತ್ತಾಳೆ, ಕೊನೆಯ ಸೀಸನ್ನಿನಲ್ಲಿ ಗಂಡನ ಜೊತೆ ಅದೇ ಮನೆಗೆ ಊಟಕ್ಕೆ ಬಂದು ಮೇಜಿನಲ್ಲಿ ಕೂರುತ್ತಾಳೆ. ಮನೆಯವರಿಗೆ ಗುರುತೇ ಹತ್ತುವುದಿಲ್ಲ. ನಮ್ಮಲ್ಲಿ ಹಿತ್ತಲು ದಾಟಲಿಕ್ಕೆ ಟೈಪಿಂಗ್ ಸಾಕಾಗುತ್ತಿರಲಿಲ್ಲ.

ಆ ಕಂತು ಮುಗಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಹೋದ ವರ್ಷ ಇಲ್ಲೇ ಒಂದು ಮದುವೆಯಲ್ಲಿ ಒಬ್ಬರು ಬಂದು, "ಮಾಸ್ತರ್, ಗುರುತು ಸಿಕ್ತೇನ್ರಿ" ಅಂತ ಕೇಳಿದರಂತೆ. ಚಂದದ ಸಫಾರಿ, ಜೊತೆಗೆ ಡಾಕ್ಟರ್ ಮಗಳು. ವಾಡೆಯ ಅಂಗಳ ಗುಡಿಸುತ್ತಿದ್ದ ಹೆಣ್ಣುಮಗಳ ಮಗ. ಅಪ್ಪನಿಗೆ ಗುರುತು ಸಿಕ್ಕಿರಲಿಲ್ಲ. ಸಿಕ್ಕಿತು ಅಂತ ಸುಳ್ಳು ಹೇಳಿದೆ ಅಂದರು.

ಕೊನೆಯ ಕಂತಿನಲ್ಲಿ ಕಾರ್ಸನ್‌ಗೆ ಕೈ ನಡುಗುವ ರೋಗ. ವೈನ್ ಹುಯ್ಯಲಿಕ್ಕೆ ಆಗುವುದಿಲ್ಲ. ಹಾಗಂತ ಧಣಿ ಅವನನ್ನು ಹೊರಗೆ ಹಾಕುವುದಿಲ್ಲ, ಹಿರಿಯನಾಗಿ ಇದ್ದುಕೊಂಡು ನೋಡಿಕೋ ಅನ್ನುತ್ತಾನೆ. ಕೆಲಸ ಹಿಂದೆ ಅವನ ಕೈಕೆಳಗಿದ್ದ ಬ್ಯಾರೋಗೆ ಹೋಗುತ್ತದೆ. ಹೊಸ ವರ್ಷ, ಹಾಡು, ಎಲ್ಲರೂ ಖುಷಿ. ಅಪ್ಪ ಮಾತಾಡಲಿಲ್ಲ, ಎದ್ದು ಕೂಲರಿಗೆ ನೀರು ತುಂಬಲಿಕ್ಕೆ ಹೋದರು.

ನಡುಮನೆಯ ಮೊಳೆಗೆ ಮುತ್ಯಾನ ಕೀಲಿಕೈ ಗೊಂಚಲು ಇನ್ನೂ ನೇತಾಡುತ್ತಿದೆ. ವಾಡೆ ಖಾಲಿಯಾದಾಗ ಅದನ್ನು ಯಾರೂ ವಾಪಸ್ ಕೇಳಲಿಲ್ಲ. 11 ಕೀಲಿಕೈ, ಒಂದಂತೂ ಗೇಣುದ್ದ, ಹಗೇವಿನ ಖೋಲಿಯದು. ಅವುಗಳ ಬೀಗವೂ ಇಲ್ಲ, ಬಾಗಿಲೂ ಇಲ್ಲ, ಕೆತ್ತನೆಯ ಬಾಗಿಲು ಯಾರೋ ಎಂದೋ ಒಯ್ದರು. ಮುತ್ಯಾ ಇರುವತನಕ ತಿಂಗಳಿಗೊಮ್ಮೆ ಎಣ್ಣೆ ಅರಿವೆಯಲ್ಲಿ ಒಂದೊಂದೇ ಒರೆಸುತ್ತಿದ್ದದ್ದು ನನಗೆ ನೆನಪಿದೆ. ಹೊರಡುವ ದಿನ ಕೈಗೆ ತೆಗೆದುಕೊಂಡೆ. ತುಕ್ಕು ಹಿಡಿದಿರಬೇಕು ಅಂದುಕೊಂಡಿದ್ದೆ. ಬೆರಳಿಗೆ ಎಣ್ಣೆ ಹತ್ತಿತು.

"ಅಪ್ಪ, ಇದನ್ನ ನಾನು ಬೆಂಗಳೂರಿಗೆ ಒಯ್ಯಲಾ?"

"ಇಲ್ಲೇ ಇರ್ಲಿ ಬಿಡು," ಅಂದರು, ಟಿವಿ ಕಡೆ ನೋಡುತ್ತಲೇ. "ದಸರಾದಾಗ ಖಂಡೇ ಪೂಜಿಗಿ ಬೇಕಾಗ್ತದ."