ಒಂದು ಉದ್ಧರಣೆ ಕಾವೇರಿ

ಹರಕೆ ಹೊತ್ತವನು ನಾನು. ಬೈಸಿಕೊಂಡವನೂ ನಾನೇ.

ಎರಡು ವರ್ಷದ ಹಿಂದೆ ಅಮ್ಮನಿಗೆ ಆಪರೇಷನ್ ಆದ ರಾತ್ರಿ, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. "ಇವಳನ್ನು ಮನೆಗೆ ಕಳಿಸಿಕೊಡಪ್ಪಾ, ಕೇದಾರಕ್ಕೆ ಬೈಕಲ್ಲೇ ಬರ್ತೀನಿ, ಒಬ್ಬನೇ ಬರ್ತೀನಿ, ಕಾವೇರಿ ನೀರು ತಂದು ಎರೀತೀನಿ" ಅಂದುಬಿಟ್ಟೆ. ಬೈಕ್ ಯಾಕೆ ಬಂತು, ಒಬ್ಬನೇ ಅಂತ ಯಾಕೆ ಅಂದೆ, ಈಗಲೂ ಗೊತ್ತಿಲ್ಲ. ಹೆದರಿದವನು ದೇವರ ಹತ್ತಿರ ಚೌಕಾಸಿಗೆ ಕೂತರೆ ಕೈಗೆ ಸಿಕ್ಕಿದ್ದನ್ನೆಲ್ಲ ತಕ್ಕಡಿಗೆ ಹಾಕುತ್ತಾನೆ.

ಅಮ್ಮ ಮನೆಗೆ ಬಂದಳು. ಚೇತರಿಸಿಕೊಂಡಳು. ವಿಷಯ ಹೇಳಿದಾಗ, "ನನ್ನ ಹೆಸರಲ್ಲಿ ಹರಕೆ ಹೊರೋವಾಗ ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ಅಲ್ವಾ? ರೈಲು ಅಂತ ಹೊತ್ಕೊಂಡಿದ್ರೆ ಏನಾಗ್ತಿತ್ತು?" ಅಂದಳು. ಉತ್ತರ ಇರಲಿಲ್ಲ. ಆದರೆ ಹೊತ್ತದ್ದನ್ನು ತೀರಿಸಬೇಡ ಅಂತ ಅವಳು ಒಂದು ದಿನವೂ ಹೇಳಲಿಲ್ಲ.

ನಮ್ಮದು ಶ್ರೀರಂಗಪಟ್ಟಣ. ರಾಜ ಒಡೆಯರು 1610ರಲ್ಲಿ ದಸರಾ ಶುರು ಮಾಡಿದ ಊರು. ಮಹಾನವಮಿಯ ದಿನ ಬೈಕ್ ತೊಳೆದು, ವಿಭೂತಿ ಕುಂಕುಮ ಇಟ್ಟು, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಕಟ್ಟಿ ಆಯುಧಪೂಜೆ ಮಾಡಿದೆವು. ಮಾರನೇ ದಿನ ವಿಜಯದಶಮಿ. ಕತ್ತಲಿರುವಾಗಲೇ ಪಶ್ಚಿಮವಾಹಿನಿಗೆ ಹೋಗಿ ಸಣ್ಣದೊಂದು ತಾಮ್ರದ ಗಿಂಡಿಯಲ್ಲಿ ನೀರು ತುಂಬಿಕೊಂಡೆ. ತಿರುಪಿನ ಮುಚ್ಚಳದ ಗಿಂಡಿ. ಅದನ್ನು ಎರಡು ಜೊತೆ ಸಾಕ್ಸಿನೊಳಗೆ ಸುತ್ತಿ ಸೈಡ್ ಬ್ಯಾಗಿನಲ್ಲಿಟ್ಟೆ. ಚಕ್ರದ ಕೆಳಗೆ ನಿಂಬೆಹಣ್ಣು ಪಚಕ್ ಅಂದಿತು. ಅಮ್ಮ ಗೇಟಿನ ತನಕ ಬಂದಳು, ಏನೂ ಹೇಳಲಿಲ್ಲ.

ಕೇದಾರದ ಬಾಗಿಲು ದೀಪಾವಳಿ ಕಳೆದು ಯಮದ್ವಿತೀಯದ ದಿನ ಮುಚ್ಚುತ್ತದೆ. ಹಾಗಾಗಿ ನನ್ನ ಕೈಯಲ್ಲಿ ಮೂರು ವಾರ ಇತ್ತು. ದಾರಿ ಸುಮಾರು 2,600 ಕಿ.ಮೀ.

ನಮ್ಮೂರು ದ್ವೀಪ, ಎತ್ತ ಹೋಗುವುದಾದರೂ ಕಾವೇರಿ ದಾಟಲೇಬೇಕು. ಆ ಸೇತುವೆ ಮೇಲೆ ನನಗೆ ಅಮ್ಮನ ಸ್ನಾನದ ಶ್ಲೋಕ ನೆನಪಾಯಿತು. ಅವಳು ಬೆಳಗ್ಗೆ ಮೊದಲ ಚೊಂಬು ನೀರು ತಲೆಗೆ ಹಾಕಿಕೊಳ್ಳುವ ಮುಂಚೆ ಏಳು ನದಿಗಳನ್ನು ಆ ಚೊಂಬಿಗೇ ಕರೆಯುತ್ತಾಳೆ. ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ. ಬೋರ್‌ವೆಲ್ ನೀರಿಗೂ ಅಷ್ಟೇ, ಟ್ಯಾಂಕರ್ ನೀರಿಗೂ ಅಷ್ಟೇ. ಅವಳು ಮನೆಯಲ್ಲೇ ಕೂತು ಕರೆಸಿಕೊಳ್ಳುವವರನ್ನು ನಾನು ಅವರವರ ಮನೆಗೇ ಹೋಗಿ ನೋಡುವ ದಾರಿ ಇದು ಅಂತ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಶ್ಲೋಕದ ಕೊನೆಯ ಹೆಸರು ನನಗೆ ಮೊದಲನೆಯದು. ಮೊದಲ ಹೆಸರು ಕೊನೆಯದು.

(ಮೈಸೂರು ಬೆಂಗಳೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ. ಹಾಗಾಗಿ ತೀರ್ಥಯಾತ್ರೆ ಶುರುವಾಗಿದ್ದು ಸರ್ವಿಸ್ ರಸ್ತೆಯ ಹಂಪುಗಳಲ್ಲಿ. ಈ ಹಂಪುಗಳ ಕಥೆ ಮುಂದೆ ಬರುತ್ತದೆ.)

ಬೆಂಗಳೂರು ದಾಟಿದ ಮೇಲೆ 44ನೇ ಹೆದ್ದಾರಿ. ಕನ್ಯಾಕುಮಾರಿಯಿಂದ ಕಾಶ್ಮೀರದ ಶ್ರೀನಗರಕ್ಕೆ ಹೋಗುವ ರಸ್ತೆ. ಬಯಲು ಅಂದರೆ ಬಯಲು. ಅನಂತಪುರದ ಕಡೆ ಗುಂಡುಕಲ್ಲಿನ ಗುಡ್ಡಗಳು, ಕರ್ನೂಲಿನಲ್ಲಿ ತುಂಗಭದ್ರೆ, ಮುಂದೆ ಬೀಚುಪಲ್ಲಿ ಹತ್ತಿರ ಕೃಷ್ಣೆ. ಚೆಂಡುಹೂವಿನ ಹಾರ ಮೊದಲನೇ ದಿನವೇ ಗಾಳಿಗೆ ಉದುರಿಹೋಯಿತು, ದಾರ ಮಾತ್ರ ಉಳಿಯಿತು.

ಬೈಕಿನವನಿಗೆ ನದಿ ಕಣ್ಣಿಗಿಂತ ಮೊದಲು ಮೈಗೆ ಗೊತ್ತಾಗುತ್ತದೆ. ಕಾರಿನಲ್ಲಿ ಇದು ಸಿಗುವುದಿಲ್ಲ. ಬಿಸಿಲಲ್ಲಿ ಗಂಟೆಗಟ್ಟಲೆ ಹೋಗುತ್ತಿರುತ್ತೀರಿ. ಇದ್ದಕ್ಕಿದ್ದ ಹಾಗೆ ಜಾಕೆಟ್ಟಿನ ತೋಳಿನೊಳಗೆ ತಣ್ಣನೆ ಗಾಳಿ ನುಗ್ಗುತ್ತದೆ. ಹೆಲ್ಮೆಟ್ಟಿನೊಳಗೆ ಒದ್ದೆ ಮಣ್ಣಿನ ವಾಸನೆ. ಆಮೇಲೆ ಸೇತುವೆಯ ಜಾಯಿಂಟುಗಳು ಚಕ್ರಕ್ಕೆ ಸಿಕ್ಕಿ ಟಕ್ ಟಕ್ ಅನ್ನುತ್ತವೆ. ನಿರ್ಮಲ್‌ಗಿಂತ ಸ್ವಲ್ಪ ಮೊದಲು ಗೋದಾವರಿ ಬಂದಿದ್ದು ಹೀಗೇ. ಬಸ್ಸಿನವರು ಕಿಟಕಿಯಿಂದ ಕಾಸು ಎಸೆದು ಕೈ ಮುಗಿಯುತ್ತಾರೆ. ಎರಡೂ ಕೈ ಹ್ಯಾಂಡಲ್ ಮೇಲಿರುವವನು ಏನು ಮಾಡಬೇಕು? ನಾನು ಪ್ರತಿ ನದಿಗೂ ಹಾರ್ನ್ ಹೊಡೆದೆ, ಒಂದೇ ಸಲ, ಮೆಲ್ಲಗೆ. ನಗಬೇಡಿ. ಗುಡಿಗೆ ಹೋದರೆ ಗಂಟೆ ಹೊಡೆಯಲ್ವಾ?

ಒಬ್ಬನೇ ಹೋಗುವುದರ ಬಗ್ಗೆ ಜನ ತುಂಬಾ ದೊಡ್ಡದಾಗಿ ಮಾತಾಡುತ್ತಾರೆ. ಮೌನವಂತೆ, ಧ್ಯಾನವಂತೆ. ನನಗೆ ಮೊದಲ ಎರಡು ದಿನ ತಲೆಯಲ್ಲಿ ಆಫೀಸಿನ ಜಗಳವೇ ಓಡಿತು. ಯಾವಾಗಲೋ ಹೇಳದೆ ಬಿಟ್ಟ ಮಾತನ್ನು ಹೆಲ್ಮೆಟ್ಟಿನೊಳಗೆ ಜೋರಾಗಿ ಹೇಳಿ ಗೆದ್ದೆ. ಪಂಚಾಕ್ಷರಿ ಜಪ ಮಾಡೋಣ ಅಂತ ಶುರು ಮಾಡಿದರೆ ಅದು ಹತ್ತು ನಿಮಿಷದಲ್ಲಿ ಮೈಲಿಗಲ್ಲಿನ ಲೆಕ್ಕವಾಗಿ ಬದಲಾಗುತ್ತಿತ್ತು. ಮೂರನೇ ದಿನದ ಹೊತ್ತಿಗೆ ಜಗಳ ತಾನಾಗಿಯೇ ಖಾಲಿಯಾಯಿತು. ಹೊಸ ಸರಕು ಸಿಗದೆ ಇರಬೇಕು.

ಕನ್ನಡವೂ ಹಾಗೇ ಕರಗಿತು. ಅನಂತಪುರದಲ್ಲಿ ಕನ್ನಡ ಮಾತಾಡಿದರೆ ನಡೆಯುತ್ತದೆ. ಹೈದರಾಬಾದಿಗೆ ಅರ್ಧಂಬರ್ಧ ತೆಲುಗು. ಆದಿಲಾಬಾದ್ ದಾಟಿ ಪೈನ್‌ಗಂಗಾ ಸೇತುವೆ ಕಳೆದರೆ ಪೂರ್ತಿ ಹಿಂದಿ, ಅದೂ ನನ್ನ ಹಿಂದಿ. ಊಟ, ಪೆಟ್ರೋಲು, ಲಾಡ್ಜು ಇಷ್ಟಕ್ಕೆ ಸಾಕಾಗುವಷ್ಟು. ದಿನಕ್ಕೊಂದು ಸಲ ರಾತ್ರಿ ಅಮ್ಮನ ಫೋನಿನಲ್ಲಿ ಮಾತ್ರ ಬಾಯಿಗೆ ಕನ್ನಡ.

ನಾಗಪುರದಿಂದ ಮುಂದೆ ಪೇಂಚ್ ಕಾಡು. ಅಲ್ಲಿ ರಸ್ತೆಯನ್ನೇ ಮೇಲಕ್ಕೆತ್ತಿ ಕೆಳಗೆ ಹುಲಿ, ಜಿಂಕೆಗಳಿಗೆ ದಾರಿ ಬಿಟ್ಟಿದ್ದಾರೆ. ಅದನ್ನು ದಾಟಿ ಬರ್ಮಾನ್ ಹತ್ತಿರ ನರ್ಮದೆ. ಇಲ್ಲಿ ಬೈಕ್ ನಿಲ್ಲಿಸಿ ಘಾಟಿಗೆ ಇಳಿದೆ. ನರ್ಮದೆಗೆ ಪ್ರದಕ್ಷಿಣೆ ಹಾಕುವವರು ಒಂದು ದಡದಲ್ಲಿ ಹೋಗಿ ಇನ್ನೊಂದು ದಡದಲ್ಲಿ ವಾಪಸ್ ಬರುತ್ತಾರೆ, ಬರಿಗಾಲಲ್ಲಿ, ಭಿಕ್ಷೆ ಬೇಡಿಕೊಂಡು. ಒಟ್ಟು ಸುಮಾರು 2,600 ಕಿ.ಮೀ. ಸಂಪ್ರದಾಯದ ಪ್ರಕಾರ ಅದಕ್ಕೆ 3 ವರ್ಷ, 3 ತಿಂಗಳು, 13 ದಿನ. ನನ್ನ ದಾರಿಯೂ ಅಷ್ಟೇ ಉದ್ದ. ನಾನು ಹತ್ತು ದಿನದಲ್ಲಿ ಮುಗಿಸಲು ಹೊರಟಿದ್ದೆ, ಸೀಟಿನ ಮೇಲೆ ಜೆಲ್ ಕುಶನ್ ಹಾಕಿಕೊಂಡು. ಘಾಟಿನ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುವಾಗ ಸ್ವಲ್ಪ ನಾಚಿಕೆಯಾಯಿತು.

ಆರನೇ ದಿನ ಆಗ್ರಾ. ರಾತ್ರಿ ಲಾಡ್ಜಿನಲ್ಲಿ ಒಗೆದ ಸಾಕ್ಸ್ ಬೇಕು ಅಂತ ಬ್ಯಾಗಿಗೆ ಕೈ ಹಾಕಿದೆ. ಒದ್ದೆ. ಗಿಂಡಿ ಎತ್ತಿದರೆ ಹಗುರ. ಅಲುಗಾಡಿಸಿದರೆ ತಳದಲ್ಲಿ ಒಂದಿಷ್ಟು ಕುಲುಕಿತು. ಒಂದು ಉದ್ಧರಣೆಯಷ್ಟು ಇರಬಹುದು, ಜಾಸ್ತಿ ಇಲ್ಲ. ಮುಚ್ಚಳದ ತಿರುಪಿನ ಸಂದಿಯಲ್ಲಿ ಶ್ರೀರಂಗಪಟ್ಟಣದಿಂದಲೇ ಹಂಪು ಹಂಪಿಗೂ ತೊಟ್ಟು ತೊಟ್ಟು ಸೋರಿದೆ. ಸಾಕ್ಸ್ ಕುಡಿದಿದೆ, ಬ್ಯಾಗಿನ ತಳದ ಹೊಲಿಗೆಯಿಂದ ರಸ್ತೆಗೂ ಬಿದ್ದಿದೆ. ಎರಡು ವರ್ಷ ಕಾದ ಹರಕೆಯ ನೀರು ನನ್ನ ಸಾಕ್ಸಿಗೆ ಅಭಿಷೇಕವಾಗಿತ್ತು.

ಹಾಸಿಗೆ ಮೇಲೆ ಸುಮ್ನೆ ಕೂತುಬಿಟ್ಟೆ. ವಾಪಸ್ ಹೋಗಲೇ? ಕೇದಾರದಲ್ಲಿ ಮಂದಾಕಿನಿ ನೀರು ಸೇರಿಸಿ ಗಿಂಡಿ ತುಂಬಿಸಿಬಿಡಲೇ? ಯಾರಿಗೆ ಗೊತ್ತಾಗುತ್ತದೆ? ಆ ಯೋಚನೆಗೆ ನನಗೇ ಬೇಜಾರಾಯಿತು. ಅಮ್ಮನಿಗೆ ಫೋನ್ ಮಾಡಿದೆ.

"ಎಷ್ಟು ಉಳಿದಿದೆ?" ಅಂದಳು. ಹೇಳಿದೆ.

"ಇವತ್ತು ಏನು ಗೊತ್ತಾ? ಭೂಮಿ ಹುಣ್ಣಿಮೆ."

ಅಮ್ಮನ ತವರು ಸಾಗರದ ಕಡೆ. ಅಲ್ಲಿ ಆಶ್ವಯುಜದ ಈ ಹುಣ್ಣಿಮೆಗೆ ಭೂಮಿತಾಯಿಗೆ ಬಯಕೆಯ ಊಟ. ಬಸುರಿ ಗದ್ದೆ ಅಲ್ವಾ, ತೆನೆ ಹೊತ್ತಿರುತ್ತದೆ. ಬಣ್ಣದ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತುಕೊಂಡು ಹೋಗಿ ಗದ್ದೆ ತುಂಬಾ ಚರಗ ಚೆಲ್ಲುತ್ತಾರೆ.

"ನಮ್ಮಪ್ಪ ಬೆಳಗಿನ ಜಾವ ಎದ್ದು ಗದ್ದೆಗೆ ಚೆಲ್ಕೊಂಡು ಬರ್ತಿದ್ರು. ನೀನು ಇಲ್ಲಿಂದ ಆಗ್ರಾ ತನಕ ಚೆಲ್ಕೊಂಡು ಹೋಗಿದೀಯ. ಚೆಲ್ಲಿದ್ದು ದಂಡ ಅಂತ ಯಾರು ಹೇಳಿದ್ದು ನಿಂಗೆ? ಉಳಿದಿದ್ದು ಎಷ್ಟಿದೆಯೋ ಅಷ್ಟನ್ನೇ ತಗೊಂಡು ಹೋಗು. ಬೇರೆ ನೀರು ಬೆರೆಸಿ ತುಂಬಿಸೋಕೆ ಹೋಗ್ಬೇಡ."

ಬೆರೆಸುವ ವಿಷಯ ನಾನು ಬಾಯಿ ಬಿಟ್ಟು ಹೇಳಿರಲಿಲ್ಲ.

ತಾಜ್ ಮಹಲ್ ನೋಡಲಿಲ್ಲ. ಹುಣ್ಣಿಮೆ ರಾತ್ರಿ ಆಗ್ರಾದಲ್ಲಿದ್ದು ತಾಜ್ ನೋಡದೆ ಮಲಗಿದವನು ನಾನೊಬ್ಬನೇ ಇರಬೇಕು. ಬೆಳಗ್ಗೆ ಯಮುನೆ ದಾಟುವಾಗ ಗಿಂಡಿ ನನ್ನ ಜಾಕೆಟ್ಟಿನ ಒಳಜೇಬಿನಲ್ಲಿ ನೆಟ್ಟಗೆ ನಿಂತಿತ್ತು. ಹಾರ್ನ್ ಹೊಡೆದೆ.

ರೂರ್ಕಿಯಲ್ಲಿ ಚೈನ್ ಟೈಟ್ ಮಾಡಿಸಲು ಒಂದು ಪಂಚರ್ ಅಂಗಡಿಯಲ್ಲಿ ನಿಂತೆ. ಅಂಗಡಿಯವನಿಗೆ ನನ್ನ ಹಿಂದಿಯಲ್ಲಿ ಗಿಂಡಿಯ ಕಷ್ಟ ಹೇಳಿದೆ. ಅವನು ಕೈ ಒರೆಸಿಕೊಂಡ. ಮುಚ್ಚಳವನ್ನು ಹಳೇ ಟ್ಯೂಬಿನ ತುಂಡಿನ ಮೇಲಿಟ್ಟು ಮೊಳೆಯಿಂದ ಸುತ್ತ ಗೀರಿದ. ಕತ್ತರಿಯಲ್ಲಿ ದುಂಡಗೆ ಕತ್ತರಿಸಿ ಒಳಗೆ ಕೂರಿಸಿದ. ತಿರುಗಿಸಿ ಬಿಗಿ ಮಾಡಿ, ತಲೆಕೆಳಗು ಹಿಡಿದು ತೋರಿಸಿದ. ಒಂದು ಹನಿ ಇಲ್ಲ. ಚೈನಿಗೆ ದುಡ್ಡು ತೆಗೆದುಕೊಂಡ, ವಾಷರ್‌ಗೆ ಬೇಡ ಅಂದ.

ಋಷಿಕೇಶದಿಂದ ಬೆಟ್ಟ. ಇಲ್ಲಿ ಬೈಕು ಬೇರೆಯೇ ಪ್ರಾಣಿ. ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು. ಒಂದು ಕಡೆ ಯಾವಾಗ ಉದುರುತ್ತದೋ ಅನ್ನುವ ಗುಡ್ಡ, ಇನ್ನೊಂದು ಕಡೆ ಆಳದಲ್ಲಿ ಹಸಿರು ನೀರು. ಗಂಗೆಯನ್ನು ದಾಟುವುದಲ್ಲ, ಅವಳ ಜೊತೆ ಹೋಗುವುದು. ದೇವಪ್ರಯಾಗದಲ್ಲಿ ಭಾಗೀರಥಿ, ಅಲಕನಂದೆ ಸೇರುವ ಜಾಗ ಮೇಲಿನಿಂದಲೇ ಕಾಣುತ್ತದೆ. ಎರಡು ಬಣ್ಣದ ನೀರು ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹೋಗಿ ಆಮೇಲೆ ಬೆರೆಯುತ್ತದೆ. ಗಂಗೆ ಅನ್ನುವ ಹೆಸರು ಶುರುವಾಗುವುದೇ ಅಲ್ಲಿ. ಅಲ್ಲಿಂದ ಮೇಲೆ ಹೋದರೆ ಅವಳು ಅಲಕನಂದೆ. ರುದ್ರಪ್ರಯಾಗದಿಂದ ಕೇದಾರದ ಕಡೆ ತಿರುಗಿದರೆ ಮಂದಾಕಿನಿ. ಶ್ಲೋಕದ ಮೊದಲ ಹೆಸರು ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಹೆಸರೇ ಕಳಚಿಕೊಳ್ಳುತ್ತಾ ಹೋಯಿತು.

ಸೋನ್‌ಪ್ರಯಾಗದಲ್ಲಿ ಬೈಕ್ ನಿಲ್ಲಿಸಬೇಕು. ಅಲ್ಲಿಂದ ಗೌರಿಕುಂಡಕ್ಕೆ 5 ಕಿ.ಮೀ. ಜೀಪು, ಆಮೇಲೆ ಸುಮಾರು 16 ಕಿ.ಮೀ. ಹತ್ತಬೇಕು. ಬೈಕಲ್ಲೇ ಬರ್ತೀನಿ ಅಂದಿದ್ದೆ. ಕೇದಾರನಾಥ ಬೈಕನ್ನು ಕೆಳಗೇ ಬಿಡಿಸಿದ. ಒಬ್ಬನೇ ಬರ್ತೀನಿ ಅಂದಿದ್ದೆ. ಜೀಪಿನಲ್ಲಿ ಹತ್ತು ಜನ, ನನ್ನ ತೊಡೆ ಮೇಲೆ ಯಾರದೋ ಮಗು. ಉಳಿದದ್ದು ಹರಕೆಯ ಮೂರನೇ ಮಾತು, ಒಳಜೇಬಿನಲ್ಲಿದ್ದ ಆ ಒಂದು ಉದ್ಧರಣೆ ನೀರು.

ಹತ್ತುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಂಡಿ ನೋಯುತ್ತದೆ, ಕುದುರೆಗಳು ತಳ್ಳುತ್ತವೆ, ಲಿಂಚೋಲಿ ಕಳೆದ ಮೇಲೆ ಉಸಿರು ಸಾಲುವುದಿಲ್ಲ. 2013ರ ಜೂನ್‌ನ ಪ್ರವಾಹದಲ್ಲಿ ಕೊಚ್ಚಿಹೋದ ಹಳೇ ದಾರಿಯ ಗುರುತು ಎದುರಿನ ದಡದಲ್ಲಿ ಅಲ್ಲಲ್ಲಿ ಕಾಣುತ್ತದೆ. ಅದನ್ನು ನೋಡುವಾಗ ಯಾರೂ ಮಾತಾಡುವುದಿಲ್ಲ.

ಬೆಳಗಿನ ಜಾವ, 3,583 ಮೀಟರ್ ಎತ್ತರದ ಚಳಿಯಲ್ಲಿ ಸಾಲಿನಲ್ಲಿ ನಿಂತೆ. ಅಕ್ಟೋಬರ್ ಆದ್ದರಿಂದ ಜನ ಕಡಿಮೆ. ಒಳಗಿರುವುದು ನಾವು ನೋಡಿದ ಲಿಂಗದ ಹಾಗಿಲ್ಲ. ಬಂಡೆ, ಗೂಳಿಯ ಭುಜದ ಆಕಾರ. ಪಾಂಡವರಿಗೆ ಮುಖ ತೋರಿಸಲು ಮನಸ್ಸಿಲ್ಲದೆ ಶಿವ ಗೂಳಿಯಾಗಿ ಭೂಮಿಯೊಳಗೆ ನುಗ್ಗಿದನಂತೆ. ಉಳಿದದ್ದು ಡುಬ್ಬ ಮಾತ್ರ. ಇಷ್ಟು ಜನ ಇಷ್ಟು ದೂರ ಬಂದು ತುಪ್ಪ ಸವರಿ ತಬ್ಬಿಕೊಳ್ಳುವುದು ತಪ್ಪಿಸಿಕೊಂಡು ಓಡುತ್ತಿದ್ದ ದೇವರ ಬೆನ್ನನ್ನು. ನನಗೆ ಅದು ತುಂಬಾ ಇಷ್ಟವಾಯಿತು. ಮುಖ ಕೊಟ್ಟು ಮಾತಾಡಿಸದ ದೇವರನ್ನೂ ಬಿಡದ ಜನ ನಾವು.

ಗಿಂಡಿ ಚಾಚಿ "ಕಾವೇರಿ ಕಾ ಪಾನಿ" ಅಂದೆ. ಅರ್ಚಕರು ತಲೆ ಎತ್ತಿದರು.

"ಯಾವ ಊರು?"

ಕನ್ನಡ. ಗೊತ್ತಿದ್ದ ವಿಷಯವೇ. ಕೇದಾರ ವೀರಶೈವರ ಪಂಚಪೀಠಗಳಲ್ಲಿ ಒಂದು, ಇಲ್ಲಿನ ಮುಖ್ಯಸ್ಥರಾದ ರಾವಲರೂ ಅರ್ಚಕರೂ ನಮ್ಮ ಕಡೆಯ ಜಂಗಮ ಪರಂಪರೆಯವರು ಅಂತ ಓದಿದ್ದೆ. ಆದರೆ ಓದುವುದೇ ಬೇರೆ. ಹತ್ತು ದಿನ ಸವೆದು ಸವೆದು ಫೋನಿಗೆ ಇಳಿದಿದ್ದ ಭಾಷೆ, ಹಿಮದ ಬುಡದಲ್ಲಿ, ದೀಪದ ಬೆಳಕಿನಲ್ಲಿ, ಊರು ಯಾವುದು ಅಂತ ಕೇಳುವುದೇ ಬೇರೆ. ಗಂಟಲು ಕಟ್ಟಿತು. ಶ್ರೀರಂಗಪಟ್ಟಣ ಅಂತ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಅವರು ಮುಚ್ಚಳ ತಿರುಗಿಸಿ ಒಳಗೆ ನೋಡಿದರು. "ಇಷ್ಟೇನಾ?"

"ಇಷ್ಟೇ ಉಳಿದಿದ್ದು."

ಬಗ್ಗಿಸಿದರು. ಸಣ್ಣದೊಂದು ಎಳೆ ಬಂಡೆಯ ಮೇಲೆ ಇಳಿದು ತುಪ್ಪದ ಪಕ್ಕದಲ್ಲಿ ಜಾರಿತು. ಎಳೆ ನಿಂತಿತು. ಗಿಂಡಿ ವಾಪಸ್ ಕೊಡುತ್ತಾರೆ ಅಂದುಕೊಂಡೆ. ಅವರು ಅದನ್ನು ಬೋರಲು ಹಿಡಿದು ತಳಕ್ಕೆ ಎರಡು ಬೆರಳಿಂದ ತಟ್ಟಿದರು, ಎಣ್ಣೆ ಮುಗಿದ ಸೀಸೆಗೆ ಅಡುಗೆಮನೆಯಲ್ಲಿ ತಟ್ಟುತ್ತಾರಲ್ಲ, ಹಾಗೆ. ಇನ್ನೊಂದು ಹನಿ ಬಿತ್ತು.

ಹೊರಗೆ ಬಿಸಿಲು ಬಂದಿತ್ತು. ಗುಡಿಯ ಹಿಂದೆ ಪ್ರವಾಹದಲ್ಲಿ ಉರುಳಿ ಬಂದು ನೀರನ್ನು ಇಬ್ಭಾಗ ಮಾಡಿ ಗುಡಿ ಉಳಿಸಿದ ಭೀಮಶಿಲೆ. ಅದರಾಚೆ ಶಂಕರಾಚಾರ್ಯರ 12 ಅಡಿಯ ಕಲ್ಲಿನ ಮೂರ್ತಿ, ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ್ದು. ನಮ್ಮ ಕಡೆಯವರು ಎಷ್ಟು ಜನ ನನಗಿಂತ ಮೊದಲು ಇಲ್ಲಿಗೆ ಬಂದು ಕೂತಿದ್ದಾರೆ ಅಂತ ನಗು ಬಂತು. ಮಂದಾಕಿನಿಗೆ ಇಳಿದು ಗಿಂಡಿ ತುಂಬಿಕೊಂಡೆ. ಬೆರಳು ಮರಗಟ್ಟಿತು.

ವಾಪಸ್ ದಾರಿಯಲ್ಲಿ ಅದೇ ನದಿಗಳು, ಅದೇ ಹಾರ್ನ್. ಊರಿನ ಸರ್ವಿಸ್ ರಸ್ತೆಯ ಹಂಪುಗಳೂ ಅವೇ. ಟ್ಯೂಬಿನ ವಾಷರ್ ಒಂದು ತೊಟ್ಟೂ ಬಿಡಲಿಲ್ಲ.

ಅಮ್ಮ ಗಿಂಡಿ ಇಸ್ಕೊಂಡು ಮುಚ್ಚಳ ತೆಗೆದು ಮೂಸಿ ನೋಡಿದಳು.

"ಪಂಚರ್ ಅಂಗಡಿ ವಾಸನೆ ಬರ್ತಿದೆ ಕಣೋ" ಅಂದಳು. ಆಮೇಲೆ ಅಂಗೈಗೆ ಸ್ವಲ್ಪ ಹಾಕಿಕೊಂಡು, ಕಣ್ಣಿಗೆ ಒತ್ತಿಕೊಂಡು, ಕುಡಿದಳು.