ಚರ್ಮಗಂಟಲ್ಲ, ಹುಳುಕಡ್ಡಿ

2022ರಲ್ಲಿ ಚರ್ಮಗಂಟು ರೋಗ ರಾಜ್ಯದ ತುಂಬ ಹರಡಿದ ಮೇಲೆ ನಮ್ಮ ಸಾಗರದ ಕಡೆ ದನ ಕಟ್ಟಿದವರಿಗೆಲ್ಲ ಒಂದು ಅಭ್ಯಾಸ ಅಂಟಿಕೊಂಡಿದೆ: ಹಾಲು ಕರೆಯಲು ಕೂರುವ ಮೊದಲು ದನಗಳ ಮೈಮೇಲೆ ಒಮ್ಮೆ ಕೈಯಾಡಿಸಿ ನೋಡುವುದು. ಕಳೆದ ಮಳೆಗಾಲ, ಪುಷ್ಯ ಮಳೆ ಬಿಡದೆ ಹೊಯ್ಯುತ್ತಿದ್ದಾಗ, ಜೆರ್ಸಿ ಮಿಶ್ರತಳಿಯ ನಮ್ಮ ಹೆಣ್ಣುಗರುವಿನ ಕಣ್ಣಿನ ಹತ್ತಿರ ಕೈಗೆ ಏನೋ ಒರಟಾಗಿ ಸಿಕ್ಕಿತು. ಹಿಂಡಿ ಮೆತ್ತಿಕೊಂಡು ಒಣಗಿದೆ ಎಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಬೂದುಬಣ್ಣದ ದಪ್ಪ ಹಕ್ಕಳೆ, ಅದರ ಅಂಚಿನಲ್ಲಿ ಅರ್ಧಕ್ಕೆ ಮುರಿದ ಕೂದಲು. ಕುತ್ತಿಗೆಯ ಮೇಲೆ ಇನ್ನೆರಡು.

ಅತ್ತೆ ನೋಡಿದವರೇ ಹಣೆಗೆ ಕೈ ಹಚ್ಚಿದರು. "ಅದೇ ಬಂತು ಕಣೇ, ಗಂಟು ರೋಗ." ಪಕ್ಕದ ಮನೆಯವರು ಬೇಲಿಯಾಚೆ ನಿಂತೇ ಇಣುಕಿ, ತಮ್ಮ ಹಸುವನ್ನು ಆ ದಿನ ಮೇಯಲು ನಮ್ಮ ಬ್ಯಾಣಕ್ಕೆ ಬಿಡಲಿಲ್ಲ.

ಪಶುವೈದ್ಯರು ಕೊಡೆ ಮಡಚಿ ಕೊಟ್ಟಿಗೆಗೆ ಕಾಲಿಟ್ಟವರು, ಕರುವಿಗಿಂತ ಮೊದಲು ಕೊಟ್ಟಿಗೆಯನ್ನೇ ನೋಡಿದರು. ಮಲೆನಾಡಿನ ಹಳೆಯ ಕೊಟ್ಟಿಗೆ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಹೇಳಬೇಕಿಲ್ಲ. ತಗ್ಗು ಮಾಡು, ಕಿಟಕಿಯೆಂಬುದಿಲ್ಲ, ಕಾಲಡಿ ಸೊಪ್ಪು, ಮೂರು ತಿಂಗಳು ಬಿಸಿಲಿನ ಮುಖ ಕಾಣದ ಮೂಲೆಯಲ್ಲಿ ಕರುಗಳ ಗೂಟ. ಆಮೇಲೆ ಕರುವಿನ ಜ್ವರ ನೋಡಿದರು, ಇರಲಿಲ್ಲ. ಚರ್ಮದಡಿ ಗಂಟುಗಳೂ ಇರಲಿಲ್ಲ. ಹಾಲು, ಅಕ್ಕಚ್ಚು ಎಲ್ಲ ಸರಿಯಾಗಿಯೇ ಕುಡಿಯುತ್ತಿತ್ತು. "ಹುಳುಕಡ್ಡಿ ಅಮ್ಮ. ಹೆದರುವಂಥದ್ದೇನಲ್ಲ" ಎಂದರು. ಅತ್ತೆಗೆ ಎಷ್ಟು ಸಮಾಧಾನವಾಯಿತೆಂದರೆ ಒಳಗೆ ಹೋಗಿ ಅವರಿಗೆ ಕಾಫಿಯ ಜೊತೆ ಹಲಸಿನ ಹಪ್ಪಳವನ್ನೂ ಕರಿದು ತಂದರು.

ನಾನು ಕೇಳಿದ್ದಕ್ಕೆ ವೈದ್ಯರು ಆ ಶಿಲೀಂಧ್ರದ ಹೆಸರನ್ನು ಔಷಧಿ ಚೀಟಿಯ ಹಿಂದೆ ಬರೆದುಕೊಟ್ಟರು: ಟ್ರೈಕೊಫೈಟಾನ್ ವೆರುಕೋಸಂ. ಹುಳು ಅಲ್ಲವೇ ಅಲ್ಲ, ಬೂಸ್ಟಿನ ಜಾತಿಯದು. ಕೂದಲು ಮತ್ತು ಚರ್ಮದ ಮೇಲ್ಪದರದ ಕೆರಾಟಿನ್ ಅದರ ಆಹಾರ. ಕೂದಲೊಳಗೆ ಇಳಿದು ಬುಡದಲ್ಲೇ ಮುರಿಯುತ್ತದೆ, ಸುತ್ತಲೂ ಹರಡುತ್ತ ಹೋಗುತ್ತದೆ. ಹಕ್ಕಳೆ ದುಂಡಗೆ ಕಾಣುವುದು ಅದಕ್ಕೇ. ಒಮ್ಮೆ ಬಂದು ಹೋದ ದನಕ್ಕೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲವಾದ್ದರಿಂದ ತಾಯಿಯ ಮೈ ಸ್ವಚ್ಛ, ಕರುವಿನ ಮೈಮೇಲೆ ಹಕ್ಕಳೆ. ನಾರ್ವೆಯಲ್ಲಿ ಕರುಗಳಿಗೆ ಇದಕ್ಕೊಂದು ಲಸಿಕೆಯನ್ನೇ ಹಾಕುತ್ತಾರಂತೆ. ನಮ್ಮಲ್ಲಿ ಕಾಲುಬಾಯಿ ರೋಗದ ಲಸಿಕೆಗೇ ದನ ಹಿಡಿದು ನಿಲ್ಲಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ, ಅದಿರಲಿ.

ಹೋಗುವಾಗ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತ ಅವರು ಹೇಳಿದ ಮಾತು ಮಾತ್ರ ನನ್ನ ಕಿವಿಯಲ್ಲಿ ನಿಂತಿತು. "ನೀವು ಹೆದರಿದ ಚರ್ಮಗಂಟು ಮನುಷ್ಯರಿಗೆ ಬರುವುದಿಲ್ಲ. ಇದು ಬರುತ್ತದೆ. ಮಕ್ಕಳನ್ನು ಕರುವಿನ ಹತ್ತಿರ ಬಿಡಬೇಡಿ."

ಮಕ್ಕಳನ್ನು ಬಿಡಬಾರದೆಂದರೆ ಯಾರು ಕೇಳುತ್ತಾರೆ? ಮಗ ಶಾಲೆಯಿಂದ ಬಂದವನೇ ಬ್ಯಾಗು ಬಿಸಾಕಿ ಕರುವಿನ ಕುತ್ತಿಗೆಗೆ ಜೋತುಬೀಳುವವನು. ಆ ಹೊತ್ತಿಗಾಗಲೇ ಅವನ ಮುಂಗೈ ಮೇಲೆ ಒಂದು ಕೆಂಪು ಉಂಗುರ ಎದ್ದಿತ್ತು. ನಮ್ಮ ಯಜಮಾನರು ಪೇಟೆಗೆ ಹೋದಾಗ ಔಷಧದಂಗಡಿಯಲ್ಲಿ ಕೇಳಿದ್ದಕ್ಕೆ, ಚೀಟಿಯೂ ಬೇಡ ಏನೂ ಬೇಡ, ಒಂದು ಟ್ಯೂಬು ಕೈಗಿಟ್ಟರು. ಹಚ್ಚಿದ ಮರುದಿನವೇ ತುರಿಕೆ ನಿಂತಿತು. ಎಲ್ಲರಿಗೂ ಖುಷಿ. ನಿಲ್ಲಿಸಿದ ಕೂಡಲೇ ಉಂಗುರ ಅಂಗೈಯಗಲ ಹರಡಿ ಮೊಣಕೈಯತ್ತ ಹೊರಟಿತು. ಚರ್ಮದ ವೈದ್ಯರು ಟ್ಯೂಬು ನೋಡಿ ಸಿಟ್ಟಾದರು. ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ಉರಿ, ಕೆಂಪು, ತುರಿಕೆ ಎಲ್ಲವನ್ನೂ ಅಡಗಿಸುತ್ತದೆ, ಜೊತೆಗೆ ಚರ್ಮದ ಪ್ರತಿರೋಧವನ್ನೂ ಮಲಗಿಸುತ್ತದೆ. ಶಿಲೀಂಧ್ರಕ್ಕೆ ಇನ್ನೇನು ಬೇಕು? ಕರುವಿನ ರೋಗಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಈ ಟ್ಯೂಬಿನ ವ್ಯಾಪಾರದ ಮೇಲೆ ಮಾತ್ರ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಮಗನಿಗೆ ಶಿಲೀಂಧ್ರನಾಶಕ ಮಾತ್ರವೇ ಇದ್ದ ಬೇರೆ ಮುಲಾಮು ಕೊಟ್ಟರು, ಕಲೆ ಮಾಯವಾದ ಮೇಲೂ ಎರಡು ವಾರ ಹಚ್ಚಬೇಕೆಂಬ ಕಟ್ಟಪ್ಪಣೆಯ ಜೊತೆ.

ಇತ್ತ ಕರುವಿನ ಶುಶ್ರೂಷೆ ನನ್ನ ಪಾಲಿಗೆ ಬಂತು. ಕೈಗೆ ಗ್ಲೌಸು ಹಾಕಿಕೊಂಡು, ಬೆಚ್ಚಗಿನ ಸೋಪಿನ ನೀರಿನಲ್ಲಿ ಹಕ್ಕಳೆ ನೆನೆಸಿ, ಮೆತ್ತಗಿನ ಬ್ರಷ್ಷಿನಿಂದ ಎಬ್ಬಿಸಿ, ಎದ್ದದ್ದನ್ನೆಲ್ಲ ಕಾಗದದಲ್ಲಿ ಹಿಡಿದು ಬಚ್ಚಲೊಲೆಗೆ ಹಾಕಬೇಕು. ಕೊಟ್ಟಿಗೆಯಲ್ಲಿ ಉದುರಿದರೆ ಆ ಬೀಜಕಣಗಳು ಮರದ ಸಂದಿಯಲ್ಲಿ ವರ್ಷಗಟ್ಟಲೆ ಕಾದು ಕೂರುತ್ತವೆ. ಕುತ್ತಿಗೆಯ ಕಲೆಗಳಿಗೆ ಟಿಂಕ್ಚರ್ ಅಯೋಡಿನ್, ಕಣ್ಣಿನ ಹತ್ತಿರ ಮಾತ್ರ ಅದು ಬೇಡ, ಮುಲಾಮು. ಅಯೋಡಿನ್ ಉರಿಗೆ ಕರು ಎಗರಿ ನನ್ನ ಕಾಲು ತುಳಿಯುವುದು ದಿನದ ಕಟ್ಟಳೆಯಾಯಿತು. ಅತ್ತೆ ನಡುವೆ ಚಗಚೆ ಸೊಪ್ಪನ್ನು ಮಜ್ಜಿಗೆಯಲ್ಲಿ ಅರೆದು ತಂದು ಹಚ್ಚುತ್ತಿದ್ದರು. ನಾನು ತಡೆಯಲಿಲ್ಲ, ಸಂಸ್ಕೃತದಲ್ಲಿ ಆ ಗಿಡಕ್ಕೆ ದದ್ರುಘ್ನ, ಅಂದರೆ ಹುಳುಕಡ್ಡಿಯನ್ನು ಕೊಲ್ಲುವುದು, ಎಂಬ ಹೆಸರೇ ಇದೆ, ಹಿಂದಿನವರು ಸುಮ್ಮನೆ ಇಟ್ಟಿರಲಾರರು.

ಹುಬ್ಬೆ ಮಳೆಯ ಹೊತ್ತಿಗೆ ಬಿಸಿಲು ಬಿತ್ತು, ಕರುವನ್ನು ಹಗಲೆಲ್ಲ ಅಂಗಳದಲ್ಲಿ ಕಟ್ಟಿದೆವು. ಹಕ್ಕಳೆಗಳು ತಾವಾಗಿಯೇ ಉದುರಿ ಅಡಿಯಲ್ಲಿ ಹೊಸ ಕೂದಲು ಮೊಳೆಯಿತು. ಮನೆಯಲ್ಲಿ ಈಗ ಹೊಸ ವಾದ. ಅತ್ತೆ ಚಗಚೆ ಎನ್ನುತ್ತಾರೆ, ಯಜಮಾನರು ಅಯೋಡಿನ್, ಪಕ್ಕದ ಮನೆಯವರು ತಾವು ಹೇಳಿಕೊಂಡ ಹರಕೆ. ಪಶುವೈದ್ಯರನ್ನು ಕೇಳಿದರೆ ನಕ್ಕರು. "ಏನೂ ಹಚ್ಚದಿದ್ದರೂ ಒಂದರಿಂದ ನಾಲ್ಕು ತಿಂಗಳಲ್ಲಿ ಹೆಚ್ಚಿನವು ವಾಸಿಯಾಗುತ್ತವೆ. ಔಷಧ ಹಚ್ಚುವುದು ಉಳಿದ ಕರುಗಳಿಗೂ ನಿಮಗೂ ಅಂಟದಿರಲಿ ಎಂದು." ಇದನ್ನು ಅತ್ತೆಗೆ ಹೇಳುವ ಧೈರ್ಯ ಅವರೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

ದಾಬುಕಣ್ಣಿ, ಹಗ್ಗಗಳನ್ನೆಲ್ಲ ಸುಟ್ಟೆವು. ಗೋದಲಿಗೆ ಬ್ಲೀಚಿಂಗ್ ಪೌಡರಿನ ನೀರು, ಗೋಡೆಗೆ ಸುಣ್ಣ. ಮಾಡಿನ ಎರಡು ಕಡೆ ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಬೇಕೆಂದು ನಾನು ಹಟ ಹಿಡಿದಿದ್ದೇನೆ. ಅಡಿಕೆ ಕೊಯ್ಲು ಮುಗಿಯಲಿ ಎನ್ನುತ್ತಿದ್ದಾರೆ ಯಜಮಾನರು. ದೊಡ್ಡ ಹಸು ಮಾಘದಲ್ಲಿ ಕರು ಹಾಕುತ್ತದೆ, ಅಷ್ಟರೊಳಗೆ ಆಗಬೇಕು.