ಅಳಿವೆಯಲ್ಲಿ ನಿಂತ ಇಂಜಿನ್

ಹೊಳೆ ಕಡಲು ಸೇರುವ ಗಂಗೊಳ್ಳಿ ಅಳಿವೆ ದಾಟುವಾಗ ದೋಣಿಯ ಇಂಜಿನ್ ನಿಂತರೆ ಎದೆ ಝಲ್ ಅನ್ನುತ್ತದೆ. ಹೋದ ವಾರ ನಮಗೆ ಎರಡು ಸಲ ಹಾಗಾಯ್ತು. ದೋಣಿಯ ಹಿಂಬದಿಗೆ ಕಟ್ಟುವ 9.9 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್, ಅಪ್ಪನ ಕಾಲದ್ದು. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಎಳೆತ ಕಡಿಮೆಯಾಗಿ ಆಫ್.

ಪ್ಲಗ್ ಬದಲಿಸಿದೆ, ಕಾರ್ಬೊರೇಟರ್ ತೊಳೆದೆ. ಪ್ರಯೋಜನ ಆಗಲಿಲ್ಲ. ಕೊನೆಗೆ ಹೊಳೆಯೊಳಗೇ ಅಣ್ಣ ದೋಣಿ ಓಡಿಸಿದ, ನಾನು ಟ್ಯಾಂಕಿನ ಪಕ್ಕ ಕೂತು ಪೆಟ್ರೋಲ್ ಪೈಪಿನ ಮಧ್ಯದ, ಕೈಯಲ್ಲಿ ಒತ್ತಿ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ರಬ್ಬರ್ ಬಲ್ಬನ್ನೇ ನೋಡುತ್ತಿದ್ದೆ. ಎಳೆತ ಇಳಿಯುತ್ತಿದ್ದಂತೆ ಅದು ಹಿಂಡಿದ ನಿಂಬೆಹಣ್ಣಿನ ಹಾಗೆ ಚಪ್ಪಟೆಯಾಯ್ತು! ಅಂದರೆ ಅಡ್ಡಿ ಇರುವುದು ಟ್ಯಾಂಕಿನ ಕಡೆ, ಅಲ್ವಾ? ಮುಚ್ಚಳ ತಿರುಗಿಸಿದ ಕೂಡಲೇ ಟ್ಯಾಂಕ್ ಸುಯ್ ಅಂತ ಗಾಳಿ ಎಳೆದುಕೊಂಡಿತು. ಮುಚ್ಚಳದ ಗಾಳಿ ತೂತಿನಲ್ಲಿ ಉಪ್ಪು ಗಟ್ಟಿಯಾಗಿ ಕೂತಿತ್ತು. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಬರುವುದು ಹೇಗೆ?

ನಿಮ್ಮ ಬಲ್ಬ್ ಚಪ್ಪಟೆಯಾಗದೆ, ಕೈಯಲ್ಲಿ ಒತ್ತಿದಾಗ ಮಾತ್ರ ಇಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಪಂಪಿನ ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್, ಬಿಚ್ಚಿ ನೋಡಿ. ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿರಲೂಬಹುದು.

ತೂತನ್ನು ಸಪೂರ ತಂತಿಯಿಂದ ಬಿಡಿಸಿ, ಬಿಸಿನೀರಲ್ಲಿ ತೊಳೆದು ಒಣಗಿಸಿ ಹಾಕಿದೆ. ನಿನ್ನೆ ಬೆಳಿಗ್ಗೆ ಅಳಿವೆ ದಾಟಿ ಹೋಗಿ ಬಂದೆವು. ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ.